ಗೋಲ್ಡನ್‌ಐ 007: ಎರಡು ಕನ್ಸೋಲ್‌ಗಳಿಗೆ ಹಂಚಿಹೋದ ಒಂದು ಆಟ

ಗೋಲ್ಡನ್‌ಐ 007 ಎಂಬ ಜೇಮ್ಸ್ ಬಾಂಡ್ ವಿಡಿಯೊ ಆಟವನ್ನು ಈಗ ಆಡಬೇಕೆನ್ನುವವರಿಗೆ ನನ್ನ ಮೊದಲ ಪ್ರಶ್ನೆ: ನಿಮ್ಮ ಎದುರಾಳಿ ಎಲ್ಲಿ ಕುಳಿತಿರುತ್ತಾರೆ? ಪಕ್ಕದಲ್ಲೇ ಇದ್ದರೆ, ಅಥವಾ ನೀವು ಒಬ್ಬರೇ ಆಡುವುದಾದರೆ, ಎಕ್ಸ್‌ಬಾಕ್ಸ್ ಆವೃತ್ತಿ ಆಡಿ. ದೂರದಲ್ಲಿದ್ದರೆ ನಿಂಟೆಂಡೊ ಸ್ವಿಚ್ ಬೇಕು. ಮನೆಯಲ್ಲಿ ಪ್ಲೇಸ್ಟೇಷನ್ ಮಾತ್ರ ಇದ್ದರೆ ಈ ಆಟ ನಿಮಗೆ ಸಿಗುವುದೇ ಇಲ್ಲ. 2023ರ ಜನವರಿ 27ರಂದು ಎರಡೂ ಕನ್ಸೋಲ್‌ಗಳಿಗೆ ಒಂದೇ ದಿನ ಮತ್ತೆ ಬಂದ 1997ರ ಆಟವಿದು. ಹಂತಗಳು ಅವೇ, ಬಂದೂಕುಗಳು ಅವೇ, ಸಂಗೀತವೂ ಅದೇ. ಹಾಗಿದ್ದೂ ಎರಡರಲ್ಲಿ ಯಾವುದೊಂದೂ ಪೂರ್ಣವಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಚಿತ್ರ ಸ್ಫುಟ, ಹಿಡಿತ ಸಲೀಸು, ಆದರೆ ಆನ್‌ಲೈನ್ ಆಟವಿಲ್ಲ. ಸ್ವಿಚ್‌ನಲ್ಲಿ ಆನ್‌ಲೈನ್ ಇದೆ, ಉಳಿದೆಲ್ಲ 1997ರಲ್ಲಿ ಇದ್ದ ಹಾಗೆಯೇ. ಪ್ರಕಟಣೆಯಲ್ಲೇ ಆನ್‌ಲೈನ್ ಆಟ ಸ್ವಿಚ್‌ಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದ್ದರು. ಅಂತರ್ಜಾಲದ ಮೂಲಕ ನಾಲ್ವರನ್ನು ಆಡಿಸುವ ಶಕ್ತಿ ಎಕ್ಸ್‌ಬಾಕ್ಸ್‌ಗೆ ಇಲ್ಲವೆಂದು ಯಾರೂ ನಂಬುವುದಿಲ್ಲ. ಯಾವ ಯಂತ್ರಕ್ಕೆ ಏನು ಸಿಗಬೇಕೆಂಬುದನ್ನು ಇಲ್ಲಿ ಹಕ್ಕುದಾರರು ಹಂಚಿಕೊಂಡಿದ್ದಾರೆ. ನಾನು ಎರಡನ್ನೂ ಆಡಿದವಳು. ಆ ಹಂಚಿಕೆಯನ್ನು ಬದಿಗಿಟ್ಟು ಈ ಆಟದ ವಿಮರ್ಶೆ ಬರೆಯಲು ನನ್ನಿಂದ ಆಗುವುದಿಲ್ಲ.

ಗೋಲ್ಡನ್‌ಐ ಆಟವನ್ನು ಕಟ್ಟಿದ್ದು ಇಂಗ್ಲೆಂಡಿನ ರೇರ್ ಸಂಸ್ಥೆ, ಮಾರ್ಟಿನ್ ಹಾಲಿಸ್ ಅವರ ನೇತೃತ್ವದ ಸಣ್ಣ ತಂಡ. 1995ರ ಬಾಂಡ್ ಚಿತ್ರವನ್ನು ಆಧರಿಸಿದ ಆಟ. ನಿಂಟೆಂಡೊ 64 ಕನ್ಸೋಲ್‌ಗಾಗಿ ನಿಂಟೆಂಡೊ ಪ್ರಕಟಿಸಿದ್ದು 1997ರ ಆಗಸ್ಟ್‌ನಲ್ಲಿ. ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. 2002ರಲ್ಲಿ ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್, ರೇರ್ ಸಂಸ್ಥೆಯನ್ನು 37.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ತೊಡಕು ಶುರುವಾದದ್ದು ಅಲ್ಲಿಂದ. ಕಟ್ಟಿದವರು ಮೈಕ್ರೋಸಾಫ್ಟ್ ತೆಕ್ಕೆಯಲ್ಲಿ, ಪ್ರಕಟಿಸಿದವರು ನಿಂಟೆಂಡೊ, ಬಾಂಡ್ ಎಂಬ ಹೆಸರು ಮತ್ತು ಮುಖ ಸಿನಿಮಾ ನಿರ್ಮಾಪಕರ ಕೈಯಲ್ಲಿ. ಮೂವರೂ ಒಪ್ಪದೆ ಆಟ ಕದಲುವಂತಿಲ್ಲ, ಮೂವರಲ್ಲಿ ಇಬ್ಬರು ಪರಸ್ಪರ ಪೈಪೋಟಿಯಲ್ಲಿರುವವರು.

ಎಕ್ಸ್‌ಬಾಕ್ಸ್ 360ಗಾಗಿ ಒಂದು ಪರಿಷ್ಕೃತ ಆವೃತ್ತಿ 2008ರ ಹೊತ್ತಿಗೆ ಬಹುತೇಕ ಸಿದ್ಧವಾಗಿತ್ತು. ಚಿತ್ರಗಳನ್ನೆಲ್ಲ ಹೊಸದಾಗಿ ಬರೆದಿದ್ದರು. ಗುಂಡಿಯೊತ್ತಿದರೆ ಹಳೆಯ ರೂಪ, ಮತ್ತೆ ಒತ್ತಿದರೆ ಹೊಸ ರೂಪ. ಹಕ್ಕುದಾರರ ನಡುವೆ ಒಪ್ಪಂದ ಕೂಡಿ ಬರಲಿಲ್ಲ, ಅದು ಮಾರುಕಟ್ಟೆಗೂ ಬರಲಿಲ್ಲ. 2021ರಲ್ಲಿ ಆ ಆವೃತ್ತಿ ಅಂತರ್ಜಾಲದಲ್ಲಿ ಸೋರಿಕೆಯಾದಾಗ ಎಷ್ಟೊಂದು ಜನರ ಶ್ರಮ ಕತ್ತಲಲ್ಲಿ ಕೊಳೆಯುತ್ತಿತ್ತೆಂದು ಜಗತ್ತಿಗೆ ತಿಳಿಯಿತು. 2023ರಲ್ಲಿ ನಮ್ಮ ಕೈಗೆ ಬಂದದ್ದು ಆ ಸುಂದರ ಆವೃತ್ತಿಯಲ್ಲ, ಹಳೆಯ ಆಟಕ್ಕೇ ಅಲ್ಪಸ್ವಲ್ಪ ಒಪ್ಪ ಹಾಕಿದ್ದು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಇದರ ಪಕ್ಕದಲ್ಲಿ ಪರ್ಫೆಕ್ಟ್ ಡಾರ್ಕ್ ಆಟವನ್ನು ಇಟ್ಟು ನೋಡಬೇಕು. ಗೋಲ್ಡನ್‌ಐ ಮುಗಿದ ಮೇಲೆ ಮುಂದಿನ ಬಾಂಡ್ ಚಿತ್ರದ ಆಟವನ್ನು ಬೇಡವೆಂದು ಬಿಟ್ಟ ರೇರ್ ತಂಡ, ತನ್ನದೇ ಪಾತ್ರ, ತನ್ನದೇ ಕಥೆ ಕಟ್ಟಿಕೊಂಡು 2000ದಲ್ಲಿ ಅದನ್ನು ತಂದಿತು. ಅದೇ ಕನ್ಸೋಲ್, ಅದೇ ಬಗೆಯ ಆಟ, ಅದೇ ಕೈಗುಣ. ಜೊಆನಾ ಡಾರ್ಕ್ ಎಂಬ ನಾಯಕಿ ಹೊರಗಿನ ಯಾರ ಆಸ್ತಿಯೂ ಆಗಿರಲಿಲ್ಲ. ಹಾಗಾಗಿ 2010ರಲ್ಲೇ ಅದು ಎಕ್ಸ್‌ಬಾಕ್ಸ್ 360ಗೆ ಬಂತು: ಹೊಸ ಚಿತ್ರಗಳೊಂದಿಗೆ, ಆನ್‌ಲೈನ್ ಆಟದೊಂದಿಗೆ. 2015ರಲ್ಲಿ ರೇರ್ ತನ್ನ 30 ಹಳೆಯ ಆಟಗಳನ್ನು ರೇರ್ ರಿಪ್ಲೇ ಎಂಬ ಸಂಕಲನದಲ್ಲಿ ತಂದಾಗ ಪರ್ಫೆಕ್ಟ್ ಡಾರ್ಕ್ ಅದರಲ್ಲಿತ್ತು, ಸಂಸ್ಥೆಗೆ ಅತಿ ದೊಡ್ಡ ಹೆಸರು ತಂದ ಗೋಲ್ಡನ್‌ಐ ಇರಲಿಲ್ಲ. ಪ್ರಸಿದ್ಧ ಹೆಸರನ್ನು ಎರವಲು ತಂದ ಆಟಕ್ಕೂ ಸ್ವಂತ ಹೆಸರಿನ ಆಟಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಇನ್ನು ಆಟಕ್ಕೆ ಬರುತ್ತೇನೆ. ಎಕ್ಸ್‌ಬಾಕ್ಸ್‌ನಲ್ಲಿ ಮೊದಲ ಹಂತವಾದ ಅಣೆಕಟ್ಟನ್ನು ಆಡಿದಾಗ ಎದ್ದು ಕಂಡದ್ದು ಸ್ಥಿರತೆ. ನಿಂಟೆಂಡೊ 64ರಲ್ಲಿ ಎರಡು ಸ್ಫೋಟಗಳು ಒಟ್ಟಿಗೆ ಆದರೆ ಇಡೀ ಚಿತ್ರ ತೆವಳುತ್ತಿತ್ತು. ಇಲ್ಲಿ ಹಾಗಿಲ್ಲ. ಚಿತ್ರ ಅಗಲ ಪರದೆಯ ತುಂಬ ಹರಡಿಕೊಳ್ಳುತ್ತದೆ, 4ಕೆ ಟಿವಿಯಲ್ಲಿ ಅಂಚುಗಳು ಚೂಪಾಗಿ ಕಾಣುತ್ತವೆ. ಸೈನಿಕರ ಮುಖಗಳು ಮಾತ್ರ ಪೆಟ್ಟಿಗೆಗೆ ಚಿತ್ರ ಅಂಟಿಸಿದಂತೆ ಆಗ ಹೇಗಿದ್ದವೋ ಈಗಲೂ ಹಾಗೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಕಂಟ್ರೋಲರ್‌ನ ಒಂದು ಕಡ್ಡಿಯಿಂದ ನಡೆದು ಇನ್ನೊಂದರಿಂದ ನೋಟ ತಿರುಗಿಸುವ ಇಂದಿನ ವಿಧಾನ ಇಲ್ಲಿ ಮೊದಲಿನಿಂದಲೇ ಸಿದ್ಧವಾಗಿದೆ. ಹೊಸಬರ ಕೈಗೆ ಕಂಟ್ರೋಲರ್ ಕೊಟ್ಟರೆ ಅವರು ವಿವರಣೆಯಿಲ್ಲದೆ ಆಡತೊಡಗುತ್ತಾರೆ.

ಆಟದ ವಿನ್ಯಾಸ ಇಷ್ಟು ವರ್ಷಗಳ ಮೇಲೂ ಬೆರಗು ಹುಟ್ಟಿಸುತ್ತದೆ. ಕಷ್ಟದ ಮಟ್ಟವನ್ನು ಏರಿಸಿದರೆ ಬಹುಪಾಲು ಆಟಗಳು ಶತ್ರುಗಳನ್ನು ಬಲಪಡಿಸಿ ಸುಮ್ಮನಾಗುತ್ತವೆ. ಗೋಲ್ಡನ್‌ಐ ಹೊಸ ಕೆಲಸಗಳನ್ನು ಕೊಡುತ್ತದೆ. ಅಣೆಕಟ್ಟಿನ ಹಂತದಲ್ಲಿ ಸುಲಭದ ಮಟ್ಟವಾದರೆ ತುದಿಗೆ ಓಡಿ ಹಗ್ಗ ಕಟ್ಟಿಕೊಂಡು ಧುಮುಕಿದರೆ ಮುಗಿಯಿತು. ಮೇಲಿನ ಮಟ್ಟಗಳಲ್ಲಿ ಅಲಾರಂಗಳನ್ನು ಒಡೆಯಬೇಕು, ಮೋಡೆಮ್ ಅಳವಡಿಸಬೇಕು, ಮಾಹಿತಿ ಕದಿಯಬೇಕು. ಮೊದಲು ದಾಟಿ ಹೋಗಿದ್ದ ಮೂಲೆಗಳಿಗೆಲ್ಲ ಆಗ ಅರ್ಥ ಬರುತ್ತದೆ. ಎರಡನೆಯ ಹಂತದ ರಾಸಾಯನಿಕ ಕಾರ್ಖಾನೆಯಲ್ಲಿ ಡಾಕ್ಟರ್ ಡೋಕ್ ಎಂಬ ವಿಜ್ಞಾನಿ ಪ್ರತಿ ಸಲವೂ ಒಂದೇ ಕಡೆ ನಿಂತಿರುವುದಿಲ್ಲ. ಅವನನ್ನು ಹುಡುಕುತ್ತ ಪ್ರಯೋಗಾಲಯಗಳ ನಡುವೆ ಓಡುವಾಗ ಹಿಂದಿನಿಂದ ಬೂಟಿನ ಸದ್ದು ಕೇಳಿದರೆ ಈಗಲೂ ಮೈ ಬಿಗಿಯಾಗುತ್ತದೆ. ಗುಂಡು ಕೈಗೆ ತಗುಲಿದರೆ ಸೈನಿಕ ಕೈ ಹಿಡಿದುಕೊಳ್ಳುತ್ತಾನೆ, ಕಾಲಿಗೆ ತಗುಲಿದರೆ ಕುಂಟುತ್ತಾನೆ. 1997ರ ಯಂತ್ರದಲ್ಲಿ ಇಷ್ಟನ್ನು ಸಾಧಿಸಿದ ಆ ಸಣ್ಣ ತಂಡದ ಬಗ್ಗೆ ನನಗೆ ಅಪಾರ ಗೌರವವಿದೆ.

ಒಬ್ಬರ ಆಟಕ್ಕೆ ಎಕ್ಸ್‌ಬಾಕ್ಸ್ ಆವೃತ್ತಿಯೇ ಮೇಲು. ಆದರೆ ಗೋಲ್ಡನ್‌ಐ ಎಂದರೆ ಜನ ನೆನಪಿಸಿಕೊಳ್ಳುವುದು ನಾಲ್ವರು ಒಂದೇ ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡು ಆಡುವ ಕಾಳಗವನ್ನು. ಎದುರಾಳಿ ಹತ್ತಿರ ಬಂದೊಡನೆ ಸಿಡಿಯುವ ಬಾಂಬುಗಳನ್ನು ಬಾಗಿಲ ಮೇಲ್ಗಡೆ ಅಂಟಿಸಿಡುವುದು, ಬಂಗಾರದ ಪಿಸ್ತೂಲು ಯಾರಿಗೆ ಮೊದಲು ಸಿಗುತ್ತದೆಂದು ಹಾರಾಡುವುದು, ಕುಳ್ಳ ಆಡ್‌ಜಾಬ್‌ನನ್ನು ಆರಿಸಿಕೊಂಡವರ ಮೇಲೆ ಕೂಗಾಡುವುದು. ಅವನು ಗಿಡ್ಡನಾದ್ದರಿಂದ ನೇರ ಹಾರಿಸಿದ ಗುಂಡು ತಲೆಯ ಮೇಲೆ ಹಾದುಹೋಗುತ್ತದೆ. ಇವಕ್ಕೆಲ್ಲ ಜನ ಬೇಕು. ನನ್ನ ತಮ್ಮ ಈಗ ಬೇರೆ ದೇಶದಲ್ಲಿದ್ದಾನೆ. ಅವನೊಂದಿಗೆ ಆಡಲು ನನಗಿರುವ ದಾರಿ ಸ್ವಿಚ್ ಒಂದೇ.

ಸ್ವಿಚ್‌ನಲ್ಲಿ ಗೆಳೆಯರ ಪಟ್ಟಿಯಲ್ಲಿರುವವರನ್ನು ಕರೆದು ನಾಲ್ವರವರೆಗೆ ಆಡಬಹುದು. ಅಪರಿಚಿತರೊಂದಿಗೆ ಜೋಡಿಸುವ ವ್ಯವಸ್ಥೆ ಇಲ್ಲ. ಹಳೆಯ ಆಟವನ್ನು ಹಾಗೆಯೇ ಓಡಿಸುತ್ತಿರುವುದರಿಂದ, ನಾವು ಬೇರೆ ಬೇರೆ ಖಂಡಗಳಲ್ಲಿದ್ದರೂ ಇಬ್ಬರ ಟಿವಿಯಲ್ಲೂ ಭಾಗವಾದ ಅದೇ ಪರದೆ ಕಾಣುತ್ತದೆ. ಅಂದರೆ ಎದುರಾಳಿಯ ಪರದೆಯನ್ನು ಕದ್ದು ನೋಡುವ ಹಳೆಯ ಚಾಳಿಗೂ ಅವಕಾಶವಿದೆ. ಫೋನಿನ ಸ್ಪೀಕರ್ ಹಾಕಿಕೊಂಡು ಆಡುವಾಗ "ಅಕ್ಕಾ, ನನ್ನ ಪರದೆ ನೋಡಬೇಡ" ಎಂದು ಅವನು ಕೂಗುತ್ತಾನೆ. ನಾನು ನೋಡುತ್ತೇನೆ. ಪಕ್ಕದಲ್ಲಿ ಕುಳಿತು ಆಡುವ ಆಟದ ಗುಣ ಸಾವಿರಾರು ಮೈಲಿ ದಾಟಿ ಉಳಿದಿರುವುದು ಈ ಆವೃತ್ತಿಯ ದೊಡ್ಡ ಸಂತೋಷ.

ಹಿಡಿತದ ವಿಷಯದಲ್ಲಿ ಮಾತ್ರ ಸ್ವಿಚ್ ತಾಳ್ಮೆ ಬೇಡುತ್ತದೆ. ಮೂಲ ಕಂಟ್ರೋಲರ್‌ನಲ್ಲಿ ಇದ್ದದ್ದು ಒಂದೇ ಕಡ್ಡಿ, ಜೊತೆಗೆ ನಾಲ್ಕು ಹಳದಿ ಗುಂಡಿಗಳು. ಆ ಏರ್ಪಾಡು ಇಲ್ಲಿ ಹಾಗೇ ಉಳಿದಿದೆ. ಪರಿಹಾರ ಹೀಗಿದೆ: ಆಟದೊಳಗೆ ಬಾಂಡ್‌ನ ಕೈಗಡಿಯಾರದಲ್ಲಿ ಕಾಣುವ ಮೆನುವಿಗೆ ಹೋಗಿ 1.2 ಸಾಲಿಟೇರ್ ಎಂಬ ವಿಧಾನವನ್ನು ಆರಿಸಿ, ಆಮೇಲೆ ಸ್ವಿಚ್‌ನ ಸ್ವಂತ ಸೆಟ್ಟಿಂಗ್‌ನಲ್ಲಿ ಎಡಗಡ್ಡಿಯನ್ನೂ ಬಲಗಡ್ಡಿಯನ್ನೂ ಅದಲುಬದಲು ಮಾಡಿ. ಈಗಿನ ಆಟಗಳ ರೀತಿ ಬರುತ್ತದೆ. ಬೇರೆ ಆಟ ಆಡುವ ಮುನ್ನ ಈ ಅದಲುಬದಲನ್ನು ಮರಳಿ ಸರಿಪಡಿಸುವುದನ್ನು ಮರೆಯಬೇಡಿ. ಅದೇ ಆಟ ಎಕ್ಸ್‌ಬಾಕ್ಸ್‌ನಲ್ಲಿ ಇದನ್ನೆಲ್ಲ ಕೇಳುವುದಿಲ್ಲ. ಆ ಹಿಡಿತವೂ ಈ ಆನ್‌ಲೈನೂ ಒಂದೇ ಕಡೆ ಇದ್ದಿದ್ದರೆ ಎಂಬ ಆಸೆ ಪ್ರತಿ ಸಲ ಆಡುವಾಗಲೂ ಮೂಡುತ್ತದೆ.

ಬಾಂಡ್ ಆಟಗಳ ಚರಿತ್ರೆಯುದ್ದಕ್ಕೂ ಹೀಗೇ ನಡೆದಿದೆ. ಪರವಾನಗಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೈ ಸೇರಿದ ಮೇಲೆ 1999ರಲ್ಲಿ ಬಂದ ಮೊದಲ ಆಟ, ಟುಮಾರೊ ನೆವರ್ ಡೈಸ್, ಪ್ಲೇಸ್ಟೇಷನ್‌ಗೆ ಮಾತ್ರ. ಬಾಂಡ್ ಆಟಕ್ಕೆಂದೇ ನಿಂಟೆಂಡೊ 64 ಇಟ್ಟುಕೊಂಡಿದ್ದವರು ಅದನ್ನು ನೋಡಲಿಲ್ಲ. 2006ರಲ್ಲಿ ಪರವಾನಗಿ ಆಕ್ಟಿವಿಷನ್‌ಗೆ ಹೋಯಿತು. 2010ರಲ್ಲಿ ಅವರು ಗೋಲ್ಡನ್‌ಐ ಹೆಸರಿನಲ್ಲೇ ಬೇರೆಯೊಂದು ಆಟವನ್ನು ನಿಂಟೆಂಡೊ ವೀ ಮತ್ತು ಡಿಎಸ್‌ಗಳಿಗೆ ತಂದರು. ಹಳೆಯ ಕಥೆಯಲ್ಲಿ ಪಿಯರ್ಸ್ ಬ್ರಾಸ್ನನ್ ಬದಲು ಆಗಿನ ಬಾಂಡ್ ಡೇನಿಯಲ್ ಕ್ರೇಗ್. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಇದ್ದವರು 2011ರವರೆಗೆ ಕಾಯಬೇಕಾಯಿತು. ಪರವಾನಗಿ ಮುಗಿಯುತ್ತ ಬಂದಂತೆ, 2013ರ ಆರಂಭದಲ್ಲಿ, ಆಕ್ಟಿವಿಷನ್‌ನ ಬಾಂಡ್ ಆಟಗಳು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಿಂದ ಮಾಯವಾದವು. ಒಳ್ಳೆಯವೋ ಕೆಟ್ಟವೋ, ಅವನ್ನು ಹೊಸದಾಗಿ ಕೊಳ್ಳುವ ದಾರಿ ಮುಚ್ಚಿತು. ಆಟ ಹಳತಾಗಿ ಸಾಯುವುದು ಬೇರೆ, ಸಹಿ ಹಾಕಿದ ಕಾಗದದ ಅವಧಿ ಮುಗಿದು ಸಾಯುವುದು ಬೇರೆ. ಎರಡನೆಯದನ್ನು ನಾನು ಒಪ್ಪಲಾರೆ.

ಬಾಂಡ್ ಒಂದರ ಕಥೆಯೂ ಅಲ್ಲ ಇದು. ರೈಸ್ ಆಫ್ ದ ಟೂಂಬ್ ರೇಡರ್ 2015ರ ನವೆಂಬರ್‌ನಲ್ಲಿ ಮೊದಲು ಎಕ್ಸ್‌ಬಾಕ್ಸ್‌ಗೆ ಬಂತು, ಪ್ಲೇಸ್ಟೇಷನ್ 4 ಇದ್ದವರ ಕೈಗೆ 2016ರ ಅಕ್ಟೋಬರ್‌ನಲ್ಲಿ ಸಿಕ್ಕಿತು. ಅದರ ನಾಯಕಿ ಲಾರಾ ಕ್ರಾಫ್ಟ್ ಜೊತೆ ಪ್ಲೇಸ್ಟೇಷನ್‌ನಲ್ಲೇ ಬೆಳೆದವರು ಹೆಚ್ಚುಕಡಿಮೆ ಒಂದು ವರ್ಷ ಹೊರಗೆ ನಿಂತರು. ಅಮೆರಿಕದ ಬೇಸ್‌ಬಾಲ್ ಲೀಗ್‌ನ ಪರವಾನಗಿಯಿರುವ ಎಂಎಲ್‌ಬಿ ದ ಶೋ ವರ್ಷಗಟ್ಟಲೆ ಪ್ಲೇಸ್ಟೇಷನ್ ತಯಾರಕ ಸೋನಿಯ ಕನ್ಸೋಲ್‌ಗಳಿಗೆ ಸೀಮಿತವಾಗಿತ್ತು. 2021ರಲ್ಲಿ ಎಕ್ಸ್‌ಬಾಕ್ಸ್‌ಗೂ ಬಂತು, ಕಟ್ಟಿದವರು ಸೋನಿಯ ಸ್ಟುಡಿಯೊದವರೇ ಆದರೂ. ಬಾಗಿಲನ್ನು ಮುಚ್ಚುವ ಒಪ್ಪಂದ ಬಾಗಿಲನ್ನು ತೆರೆಯಲೂಬಲ್ಲದು. ಕನ್ಸೋಲ್ ತಯಾರಕರು ಹಣ ಕೊಟ್ಟು ಕಟ್ಟಿಸಿದ ಆಟವನ್ನು ತಮ್ಮಲ್ಲೇ ಇಟ್ಟುಕೊಂಡರೆ ನನಗೆ ಅರ್ಥವಾಗುತ್ತದೆ: ಬೇರಾರೂ ಮುಂದೆ ಬಾರದಿದ್ದಾಗ ನಿಂಟೆಂಡೊ ಹಣ ಹೂಡದಿದ್ದರೆ ಬೆಯೊನೆಟಾ 2 ಎಂಬ ಆಟ ಹುಟ್ಟುತ್ತಲೇ ಇರಲಿಲ್ಲ. ಹೇಗಿದ್ದರೂ ಬರಲಿದ್ದ ಆಟವನ್ನು ಇನ್ನೊಂದು ಕನ್ಸೋಲಿನವರಿಗೆ ಸಿಗದಂತೆ ತಡೆಹಿಡಿಯುವುದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. ಅದರಿಂದ ಆಟಕ್ಕೆ ಏನೂ ಸೇರುವುದಿಲ್ಲ.

ಈ ಗೋಲ್ಡನ್‌ಐಯನ್ನು ಬಿಡಿಯಾಗಿ ಕೊಳ್ಳಲೂ ಆಗುವುದಿಲ್ಲ. ಸ್ವಿಚ್‌ನಲ್ಲಿ ಬೇಕೆಂದರೆ ಆನ್‌ಲೈನ್ ಚಂದಾದ ಮೇಲೆ ಎಕ್ಸ್‌ಪಾನ್ಷನ್ ಪ್ಯಾಕ್ ಎಂಬ ದುಬಾರಿ ಶ್ರೇಣಿಯೂ ಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಅದು ಬಂದದ್ದು ಗೇಮ್ ಪಾಸ್ ಚಂದಾದಾರರಿಗೆ ಮತ್ತು ರೇರ್ ರಿಪ್ಲೇಯ ಡಿಜಿಟಲ್ ಪ್ರತಿ ಉಳ್ಳವರಿಗೆ. ಅದೇ ಸಂಕಲನವನ್ನು ಡಿಸ್ಕ್ ರೂಪದಲ್ಲಿ ಕೊಂಡವರನ್ನು ಈ ಕೊಡುಗೆಯಿಂದ ಹೊರಗಿಟ್ಟರು. ಹಾಗಾಗಿ ಎಕ್ಸ್‌ಬಾಕ್ಸ್ ಇರುವವರಿಗೆ ನನ್ನ ಸಲಹೆ: ಚಂದಾಕ್ಕಿಂತ ರೇರ್ ರಿಪ್ಲೇಯ ಡಿಜಿಟಲ್ ಪ್ರತಿಯನ್ನೇ ಕೊಳ್ಳಿ. ಪರ್ಫೆಕ್ಟ್ ಡಾರ್ಕ್ ಕೂಡ ಜೊತೆಗೇ ಬರುತ್ತದೆ, ಚಂದಾ ನಿಲ್ಲಿಸಿದರೂ ಎರಡೂ ಉಳಿಯುತ್ತವೆ. ಸ್ವಿಚ್ ಮಾತ್ರ ಇರುವವರು ಗೆಳೆಯರೊಬ್ಬರು ಜೊತೆಗೆ ಸಿಗುತ್ತಾರೆಂದು ಖಚಿತಪಡಿಸಿಕೊಂಡೇ ಚಂದಾ ಕಟ್ಟಿ. ಒಬ್ಬರೇ ಆಡಲು ಅಷ್ಟು ಖರ್ಚು ಬೇಡ. ಬಾಂಡ್ ಮೇಲಿನ ಪ್ರೀತಿಯೊಂದಕ್ಕಾಗಿ ಹೊಸ ಕನ್ಸೋಲ್ ಕೊಳ್ಳುವ ಯೋಚನೆಯಲ್ಲಿರುವವರು ಆತುರಪಡಬೇಡಿ. ಆಟ ತಯಾರಕ ಸಂಸ್ಥೆ ಐಒ ಇಂಟರಾಕ್ಟಿವ್ 2025ರಲ್ಲಿ 007 ಫಸ್ಟ್ ಲೈಟ್ ಎಂಬ ಹೊಸ ಬಾಂಡ್ ಆಟವನ್ನು ಘೋಷಿಸಿದಾಗ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್, ಸ್ವಿಚ್ 2 ಮತ್ತು ಕಂಪ್ಯೂಟರ್ ನಾಲ್ಕರ ಹೆಸರನ್ನೂ ಒಟ್ಟಿಗೆ ಹೇಳಿತು.