ಮನೆಖರ್ಚಿಗೆ ಡಿಜಿಟಲ್ ರೂಪಾಯಿ: ವರ್ಷಕ್ಕೂ ಮೇಲಿನ ಬಳಕೆಯ ಅನುಭವ

ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯನ್ನು, ಅಂದರೆ ಫೋನಿನ ವಾಲೆಟ್ ಆ್ಯಪ್‌ನಲ್ಲಿ ಇಟ್ಟುಕೊಳ್ಳುವ ನೋಟಿನ ಡಿಜಿಟಲ್ ರೂಪವನ್ನು, ನಾನು ಬೆಂಗಳೂರಿನಲ್ಲಿ ಮನೆಖರ್ಚಿಗೆ ಬಳಸುತ್ತಿರುವುದು ಮುಖ್ಯವಾಗಿ ಪಾಸ್‌ಬುಕ್ಕಿನ ಸಲುವಾಗಿ. ಯುಪಿಐ ಮೂಲಕ ಕೊತ್ತಂಬರಿ ಸೊಪ್ಪಿಗೆ ಕೊಟ್ಟ ಹತ್ತು ರೂಪಾಯಿಯೂ ಉಳಿತಾಯ ಖಾತೆಯಲ್ಲಿ ಒಂದು ಸಾಲಾಗಿ ಕೂರುತ್ತಿತ್ತು. ತಿಂಗಳ ಕೊನೆಗೆ ಬಾಡಿಗೆ, ವಿಮೆಯ ಕಂತುಗಳನ್ನು ಆ ರಾಶಿಯಲ್ಲಿ ಹುಡುಕಬೇಕಾಗುತ್ತಿತ್ತು. ಈಗ ವಾಲೆಟ್‌ಗೆ ಹಣ ತುಂಬಿಸಿದ ಸಾಲು ಮಾತ್ರ ಖಾತೆಯಲ್ಲಿ ಕಾಣುತ್ತದೆ, ಸಣ್ಣಪುಟ್ಟ ಖರ್ಚೆಲ್ಲ ವಾಲೆಟ್‌ನೊಳಗೇ ಉಳಿಯುತ್ತದೆ.

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಎರಡು ಸಾವಿರ ತುಂಬಿಸುವುದು ನನ್ನ ರೂಢಿ. ಪರದೆಯ ಮೇಲೆ ನೋಟುಗಳ ಚಿತ್ರಗಳು ಮೂಡುತ್ತವೆ. ಐನೂರು ಎಷ್ಟು, ನೂರು ಎಷ್ಟು, ಹಾಲು ತರಕಾರಿಗೆ ಹತ್ತು ಇಪ್ಪತ್ತರವು ಎಷ್ಟು ಎಂದು ಒಂದೊಂದನ್ನೇ ಒತ್ತಿ ಆರಿಸಿಕೊಳ್ಳುವುದರಲ್ಲಿ ನನಗೆ ನಿಜವಾದ ಸುಖವಿದೆ. ಗುರುವಾರದ ಹೊತ್ತಿಗೆ ನೂರರ ನೋಟುಗಳು ಕರಗಿರುವುದನ್ನು ಕಂಡರೆ ಕೈ ತಾನಾಗಿಯೇ ಬಿಗಿಯಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಪ್ರಯೋಗ ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತಾದರೂ, 2023ರಲ್ಲಿ ಅಂಗಡಿಯ ಸಾಮಾನ್ಯ ಯುಪಿಐ ಕ್ಯೂಆರ್‌ಗೇ ಇದರಿಂದ ಪಾವತಿಸಲು ಸಾಧ್ಯವಾದ ಮೇಲೆಯೇ ಇದು ದಿನಬಳಕೆಗೆ ಒದಗಿದ್ದು. ವಾಲೆಟ್‌ನಲ್ಲಿರುವ ಹಣಕ್ಕೆ ಬಡ್ಡಿಯಿಲ್ಲ, ಆದ್ದರಿಂದ ಸಂಬಳವನ್ನೇ ನಂಬಿದವರು ವಾರದ ಖರ್ಚಿಗಿಂತ ಹೆಚ್ಚು ತುಂಬಿಸುವುದರಲ್ಲಿ ಅರ್ಥವಿಲ್ಲ.

ನನ್ನ ಮೆಚ್ಚುಗೆ ತಗ್ಗಿದ್ದು ಫೋನ್ ಬದಲಿಸಿದಾಗ. ಅದೇ ಸಿಮ್ ಹಾಕಿ, ವಾಲೆಟ್ ಮರಳಿ ಪಡೆಯುವ ಹಂತಗಳನ್ನೆಲ್ಲ ಮುಗಿಸಿದರೂ ಉಳಿದ ಹಣ ಸೊನ್ನೆ ಎಂದೇ ತೋರಿಸಿತು. ಬ್ಯಾಂಕಿನ ಶಾಖೆಗೆ ಹೋದರೆ ಅಲ್ಲಿನ ಸಿಬ್ಬಂದಿ ನನ್ನ ಖಾತೆ ತೆರೆದು, "ಹಣ ವಾಲೆಟ್‌ಗೆ ಹೋಗಿದೆ ಸರ್, ಅಲ್ಲಿಂದ ಮುಂದೆ ನಮಗೆ ಕಾಣಿಸುವುದಿಲ್ಲ" ಎಂದರು. ಪಾಸ್‌ಬುಕ್ ಹಗುರವಾಗಿದೆಯೆಂದು ಇಷ್ಟು ದಿನ ಸಂತೋಷಪಟ್ಟವನಿಗೆ, ವಾಲೆಟ್‌ನಲ್ಲಿ ಎಷ್ಟು ಉಳಿದಿತ್ತೆಂದು ಕೌಂಟರ್‌ನಲ್ಲಿ ತೋರಿಸಲು ಒಂದೇ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ದೂರು ಕೊಟ್ಟು, ಸಹಾಯವಾಣಿಗೆ ಮತ್ತೆ ಮತ್ತೆ ಕರೆ ಮಾಡಿದ ಮೇಲೆ ಹಣವೇನೋ ಪೂರ್ತಿ ಕಾಣಿಸಿಕೊಂಡಿತು. ಅದು ಎಲ್ಲಿ ಸಿಕ್ಕಿಕೊಂಡಿತ್ತೆಂದು ಯಾರೂ ಹೇಳಲಿಲ್ಲ.

2022ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಬ್ಲಾಕ್‌ಚೈನ್ (ಒಂದೇ ದಾಖಲೆಯನ್ನು ಹಲವು ಕಂಪ್ಯೂಟರುಗಳಲ್ಲಿ ಇಡುವ ವಿಧಾನ) ಮತ್ತಿತರ ತಂತ್ರಜ್ಞಾನಗಳನ್ನು ಬಳಸಿ ಡಿಜಿಟಲ್ ರೂಪಾಯಿ ತರಲಾಗುವುದೆಂದು ಪ್ರಕಟಿಸಿದ್ದರು. ಬ್ಲಾಕ್‌ಚೈನ್ ಮೇಲೆಯೇ ನಡೆಯುವ ಬಿಟ್‌ಕಾಯಿನ್‌ನ ಲೆಡ್ಜರನ್ನು, ಅಂದರೆ ವ್ಯವಹಾರಗಳ ಲೆಕ್ಕದ ಪುಸ್ತಕವನ್ನು, ಯಾರು ಬೇಕಾದರೂ ತೆರೆದು ನೋಡಬಹುದು; ಡಿಜಿಟಲ್ ರೂಪಾಯಿಯ ಲೆಡ್ಜರ್ ಹಾಗೆ ಬಹಿರಂಗವಾಗಿಲ್ಲ, ಇರಲೂಬಾರದು, ಏಕೆಂದರೆ ನಾನು ಯಾವ ಅಂಗಡಿಗೆ ಎಷ್ಟು ಕೊಟ್ಟೆನೆಂಬುದು ಊರಿಗೆಲ್ಲ ತಿಳಿಯುವುದು ಬೇಡ. ಆದರೆ ನನ್ನದೇ ಹಣದ ಕೊನೆಯ ನಮೂದನ್ನು ನನಗಾದರೂ ತೋರಿಸಬೇಕಲ್ಲವೇ? ಇದು ಕಾಗದದ ನೋಟಿನಂತೆಯೇ ರಿಸರ್ವ್ ಬ್ಯಾಂಕ್ ಹೊಣೆ ಹೊತ್ತ ಹಣ. ಅಂಥ ಹಣದ ದಾಖಲೆಯನ್ನು ಆ್ಯಪ್‌ನಲ್ಲಿ ಒಂದು ಪುಟದಷ್ಟು ತೆರೆದಿಟ್ಟರೂ ನನ್ನ ಅರ್ಧ ದೂರು ತೀರುತ್ತದೆ.

ಬಳಕೆಯನ್ನು ನಾನು ನಿಲ್ಲಿಸಿಲ್ಲ, ವಾರಕ್ಕೆ ತುಂಬಿಸುವುದನ್ನು ಸಾವಿರಕ್ಕೆ ಇಳಿಸಿದ್ದೇನೆ. ಹೊಸ ಫೋನ್ ಕೊಳ್ಳುವವರು ಹಳೆಯದನ್ನು ಕೈಬಿಡುವ ಮೊದಲು ವಾಲೆಟ್‌ನಲ್ಲಿರುವುದನ್ನೆಲ್ಲ ಖಾತೆಗೆ ಹಿಂದಿರುಗಿಸಿ, ಆ ಜಮೆಯ ಸಂದೇಶ ಬಂದ ಮೇಲೆಯೇ ಸಿಮ್ ತೆಗೆಯುವುದು ಒಳ್ಳೆಯದು.