ಮಲ್ಪೆಯಲ್ಲಿ ಮಾಡಿಸಿದ ಐದು ಲೀಟರ್ ಟ್ಯಾಂಕ್

ನನ್ನದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್, ಕಾರ್ಬುರೇಟರ್ ಗಾಡಿ. ಟ್ಯಾಂಕ್ 13.5 ಲೀಟರ್. ಉಡುಪಿಯಿಂದ ಗೋವಾಕ್ಕೆ ಹೋಗಲು ಅಷ್ಟು ಧಾರಾಳ ಸಾಕು. ಆದರೆ ನನಗೆ ಮನಾಲಿಯಿಂದ ಲೇಹ್‌ಗೆ ಹೋಗುವ ಹುಚ್ಚು. ಆ ದಾರಿಯಲ್ಲಿರುವ ತಾಂಡಿ ಪೆಟ್ರೋಲ್ ಬಂಕಿನ ಬೋರ್ಡಿನ ಫೋಟೋ ನೋಡಿದ್ದೀರಲ್ವಾ, ಮುಂದಿನ ಬಂಕ್ 365 ಕಿ.ಮೀ. ಅಂತ? ಲಗೇಜ್ ಹೇರಿ ಘಾಟಿ ಹತ್ತುವಾಗ ನನ್ನ ಗಾಡಿ ಲೀಟರಿಗೆ 28 ಕೊಟ್ಟರೆ ಪುಣ್ಯ. ಗುಣಿಸಿದರೆ 378. ನಿದ್ದೆ ಬರುವ ಲೆಕ್ಕ ಅಲ್ಲ.

ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಹೋಗಲು ಮನಸ್ಸಾಗಲಿಲ್ಲ. ಮಲ್ಪೆ ಬಂದರಿನ ಹತ್ತಿರ ಬೋಟುಗಳಿಗೆ ಡೀಸೆಲ್ ಟ್ಯಾಂಕ್ ಮಾಡುವ ಒಂದು ಶೆಡ್ಡಿಗೆ ಹೋದೆ. ಐದು ಲೀಟರಿನದ್ದು ಬೇಕು ಅಂದೆ. "ಎಂತ ಮಾರಾಯ್ರೆ, ಸಾಂಬಾರಿಗಾ?" ಎಂದು ನಕ್ಕರು.

ನಕ್ಕರೂ ಕೆಲಸ ಮಾತ್ರ ಚೊಕ್ಕ. ಒಂದೂವರೆ ಮಿ.ಮೀ. ಸ್ಟೀಲ್ ಶೀಟು, ಆರ್ಗಾನ್ ವೆಲ್ಡಿಂಗ್. ಬೆಸುಗೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಾಲಾಗಿ ಕೂತಿದೆ. ಒಳಗೆ ತೂತು ಕೊರೆದ ಒಂದು ಅಡ್ಡಪಟ್ಟಿ ಹಾಕಿದ್ದಾರೆ. ತಿರುವಿನಲ್ಲಿ ಪೆಟ್ರೋಲ್ ಆಚೀಚೆ ಬಡಿಯಬಾರದು ಅಂತ, ಬೋಟಿನ ಟ್ಯಾಂಕಿನ ಬುದ್ಧಿ. ಕೊನೆಗೆ ಒಳಗೆ ಗಾಳಿ ಬಿಟ್ಟು, ಸೋಪುನೀರು ಸವರಿ, ಗುಳ್ಳೆ ಬರುತ್ತದಾ ಅಂತ ನನ್ನ ಎದುರೇ ನೋಡಿದರು. ಬರಲಿಲ್ಲ. ಎಲ್ಲ ಸೇರಿ 4,200 ರೂಪಾಯಿ. ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಆಯಿತು.

ಪೈಪಿನ ಕೆಲಸ ಮಾಡಿದ್ದು ನನ್ನ ಮೆಕ್ಯಾನಿಕ್. ಹೊಸ ಟ್ಯಾಂಕ್ ಕೂತದ್ದು ಹಿಂದಿನ ಕ್ಯಾರಿಯರ್ ಮೇಲೆ. ಗಾಡಿಯ ಟ್ಯಾಂಕಿನ ಕಾಕ್‌ನ (ಪೆಟ್ರೋಲ್ ನಲ್ಲಿಯ) ಕೆಳಗೆ ಒಂದು ಟಿ ಜಾಯಿಂಟ್, ಹಿಂದಿನ ಟ್ಯಾಂಕಿಗೆ ಬೇರೆ ಕಾಕ್, ಅಷ್ಟೇ. ಎರಡನ್ನೂ ಒಟ್ಟಿಗೆ ತೆರೆಯಬಾರದು. ತೆರೆದರೆ ಮುಂದಿನ ಪೆಟ್ರೋಲ್ ಹಿಂದಕ್ಕೆ ಇಳಿದು ಉಕ್ಕುತ್ತದೆ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯವರು ಇದನ್ನು ಸುಮ್ನೆ ನಕಲು ಮಾಡಬೇಡಿ. ಅಲ್ಲಿ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಪೈಪಿನಲ್ಲಿ ಒತ್ತಡ ಜಾಸ್ತಿ.

ಪರೀಕ್ಷೆಗೆಂದು ಆಗುಂಬೆಗೆ ಹೊರಟೆ. ಹೆಬ್ರಿ ದಾಟಿ ಹಿಂದಿನ ಕಾಕ್ ತೆರೆದೆ. ಸೋಮೇಶ್ವರದವರೆಗೂ ಏನೂ ತಕರಾರಿಲ್ಲ. ಘಾಟಿಯ ಐದನೇ ತಿರುವಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಹಿಂದೆ ಬಸ್ಸಿನ ಹಾರ್ನ್, ಮೇಲೆ ಮಂಗಗಳು. ಟ್ಯಾಂಕ್ ಅಲುಗಿಸಿದರೆ ಒಳಗೆ ಪೆಟ್ರೋಲ್ ಇದೆ. ಮುಚ್ಚಳ ತಿರುಗಿಸಿದೆ, ಸುಂಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಎರಡು ಕಿಕ್ಕಿಗೆ ಗಾಡಿ ಸ್ಟಾರ್ಟ್! ಟ್ಯಾಂಕಿನೊಳಗೆ ಗಾಳಿ ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ. ಗಾಳಿ ಒಳಗೆ ಬಾರದೆ ಪೆಟ್ರೋಲ್ ಹೊರಗೆ ಇಳಿಯುವುದು ಹೇಗೆ?

ಮರುದಿನ ಶೆಡ್ಡಿಗೆ ಹೋಗಿ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಬೋಟಿಗೆ ಇಷ್ಟುದ್ದ ಬ್ರೀದರ್ ಪೈಪ್ ಇಡ್ತೇವೆ ಸರ್, ಇದು ಸಣ್ಣದಲ್ವಾ, ಮರ್ತೇ ಹೋಯ್ತು." ಟ್ಯಾಂಕನ್ನು ತೊಳೆದು, ನೀರು ತುಂಬಿಸಿಟ್ಟುಕೊಂಡೇ ವೆಲ್ಡಿಂಗ್‌ಗೆ ಕೂತರು. ಬಾಯಿ ಕೆಳಗೆ ಬಾಗಿಸಿದ ಸಣ್ಣ ಪೈಪ್ ಇಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಅದೇ ಘಾಟಿ ಎರಡು ಸಲ ಹತ್ತಿದ್ದೇನೆ, ನಿಂತಿಲ್ಲ.

ನಾನು ನಾಲ್ಕೂವರೆ ಲೀಟರಿಗಿಂತ ಜಾಸ್ತಿ ತುಂಬಿಸುವುದಿಲ್ಲ, ಬಿಸಿಲಿಗೆ ಪೆಟ್ರೋಲ್ ಉಬ್ಬುತ್ತದೆ. ಊರಲ್ಲಿರುವಾಗ ನಾಲ್ಕು ಬೋಲ್ಟ್ ಬಿಚ್ಚಿ ಟ್ಯಾಂಕನ್ನು ಮನೆಯಲ್ಲೇ ಇಡುತ್ತೇನೆ. ಕ್ಯಾರಿಯರ್ ಪೂರ್ತಿ ಅದಕ್ಕೇ ಹೋಯಿತು, ಟೆಂಟ್ ಎಲ್ಲಿ ಕಟ್ಟುವುದು ಅಂತ ಇನ್ನೂ ಹೊಳೆದಿಲ್ಲ.