ಗದ್ದೆಯಲ್ಲಿ ದುಡಿಯುವ ಕಾಲಿಗೆ ಮುರುಗಲು ತುಪ್ಪ

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರ ಹಿಮ್ಮಡಿ ಹೇಗಿರುತ್ತದೆಂದು ದಾವಣಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಟಿಯ ಕಾಲಕ್ಕೆ ಕೆಸರು, ಕೊಯ್ಲಿನ ಹೊತ್ತಿಗೆ ಒಣಗಾಳಿ. ಬಿರುಕು ರಕ್ತ ಜಿನುಗುವಷ್ಟು ಆಳಕ್ಕೆ ಇಳಿಯುತ್ತದೆ. ಇದಕ್ಕೆ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಬಳಸುತ್ತಿರುವುದು ಶಿರಸಿ ಕಡೆಯಿಂದ ತರಿಸುವ ಮುರುಗಲು ತುಪ್ಪ, ಅಂದರೆ ಮುರುಗಲು ಹಣ್ಣಿನ ಬೀಜದಿಂದ ತೆಗೆದ ಜಿಡ್ಡು.

ರಾತ್ರಿ ಕಾಲು ತೊಳೆದು ಒರೆಸಿಕೊಂಡು, ಒಂದು ಚೂರನ್ನು ಚಮಚದಲ್ಲಿ ಕರಗಿಸಿ, ಉಗುರುಬೆಚ್ಚಗಿರುವಾಗ ಬಿರುಕಿಗೆ ಬಿಡುತ್ತೇವೆ. ಆರುತ್ತಿದ್ದಂತೆ ಅದು ಬಿರುಕಿನೊಳಗೇ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಬಳಸಿದ ಯಾವ ಕ್ರೀಮಿನಲ್ಲೂ ಈ ಗುಣ ಕಂಡಿಲ್ಲ. ಉರಿ ಬೇಗ ಇಳಿಯುತ್ತದೆ, ಬಿರುಕು ಕೂಡಲು ಮಾತ್ರ ವಾರಗಳೇ ಬೇಕು. ಹಚ್ಚುವುದನ್ನು ಬಿಟ್ಟರೆ ಮುಂದಿನ ಚಳಿಗಾಲಕ್ಕೆ ಮತ್ತೆ ಒಡೆಯುತ್ತದೆ. ಸಕ್ಕರೆ ಕಾಯಿಲೆಯವರು, ಕೀವು ತುಂಬಿದವರು ಇದನ್ನು ನಂಬಿ ಕೂರದೆ ವೈದ್ಯರಿಗೆ ತೋರಿಸಬೇಕು.

ಎಲ್ಲೆಂದರಲ್ಲಿ ಕೊಳ್ಳಬೇಡಿ. ಅಂಗಡಿಯೊಂದರಲ್ಲಿ ಕೊಂಡದ್ದು ಜನವರಿಯ ಚಳಿಯಲ್ಲೂ ಮೆತ್ತಗೆ ಬೆರಳಿಗೆ ಅಂಟುತ್ತಿತ್ತು, ಸೆಂಟಿನ ವಾಸನೆ ಬೇರೆ. ಅಸಲಿ ತುಪ್ಪ ಮಾಸಲು ಬಿಳಿ, ಉಗುರಿನಿಂದ ಕೆರೆದು ತೆಗೆಯುವಷ್ಟು ಗಟ್ಟಿ. ಕರಗಲು ಸುಮಾರು 40 ಡಿಗ್ರಿ ಶಾಖ ಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಡಬ್ಬಿಯಲ್ಲೇ ಸಡಿಲವಾದರೆ ಗಾಬರಿ ಬೇಡ.

ಬೆಲೆ ಹೆಚ್ಚೆಂಬ ದೂರನ್ನು ನಾನು ಒಪ್ಪುವುದಿಲ್ಲ. ಬೀಜದ ತೂಕದಲ್ಲಿ ಜಿಡ್ಡು ಕಾಲು ಭಾಗದಷ್ಟೇ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆಯಬೇಕು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಪಶ್ಚಿಮ ಘಟ್ಟದ ಈ ಮರವನ್ನು ಅಳಿವಿನ ಅಪಾಯವಿರುವ ಸಸ್ಯಗಳ ಸಾಲಿನಲ್ಲಿ ಗುರುತಿಸಿದ್ದಾರೆ. ನಾವು ಹಿಮ್ಮಡಿಗೆ ಹಚ್ಚುವುದು ಸಸಿಯಾಗಬೇಕಿದ್ದ ಬೀಜವನ್ನೇ. ಕಾಡಿನ ಬೀಜವೆಲ್ಲ ಚೀಲ ಸೇರಿದರೆ, ಹಣ್ಣಿನ ಆಸೆಗೆ ಕೊಂಬೆಯನ್ನೇ ಕಡಿದರೆ, ಮುಂದೆ ಮರ ಎಲ್ಲಿಂದ ಬರಬೇಕು? ಮುರುಗಲು ಬೀಜ ಒಣಗಿದರೆ ಮೊಳೆಯುವುದಿಲ್ಲ. ಕೂಡಿಟ್ಟು ಬೇಕೆಂದಾಗ ಬಿತ್ತುವ ರಾಗಿಯಂತಲ್ಲ ಅದು.

ಹಾಗಾಗಿ ಕೊಳ್ಳುವ ಮುನ್ನ ಬೀಜ ಎಲ್ಲಿಯದೆಂದು ಕೇಳುತ್ತೇನೆ. ನಮಗೆ ಕೊಡುವ ಮನೆಯವರು ಅಡಿಕೆ ತೋಟದ ಅಂಚಿನಲ್ಲಿ ಕಸಿ ಗಿಡ ನೆಟ್ಟಿದ್ದಾರೆ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೆ ತಿಳಿಯದು, ಹೆಣ್ಣು ಮರದ ಕಸಿಯಾದರೆ ಆ ಅನುಮಾನವಿಲ್ಲ. ಕಾಡಿನಲ್ಲಿ ಆಯುವಾಗ ಮಾಗಿ ಬಿದ್ದ ಹಣ್ಣನ್ನಷ್ಟೇ ಆಯ್ದು, ಒಂದಿಷ್ಟನ್ನು ಮರದಡಿಯಲ್ಲೇ ಬಿಡುತ್ತಾರೆ. ಮಳೆ ಬೇಗ ಹಿಡಿದ ವರ್ಷ ಅವರಲ್ಲಿ ತುಪ್ಪ ಕಡಿಮೆ. ಆಗ ಬಂದಷ್ಟನ್ನು ಹಿಮ್ಮಡಿಗೆ ಮೀಸಲಿಟ್ಟು, ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ.